ನೇರಳೆ ಬಣ್ಣ ಇಳಿಯುವ ಹೊತ್ತು

ಹೋದ ತಿಂಗಳು ಮೇಲೂರಿನಲ್ಲಿ ನಡೆದ ಸಂತಾಪ ಸಭೆಯಿಂದ ನಾನು ಅರ್ಧಕ್ಕೇ ಎದ್ದು ಬಂದೆ. ಅಷ್ಟರಲ್ಲಿ ನಾಲ್ಕು ಜನ ಮಾತಾಡಿ ಮುಗಿಸಿದ್ದರು. ನಾಲ್ವರದೂ ಒಂದೇ ರಾಗ: ಮೇಷ್ಟ್ರು ಶಾಂತ ಸ್ವಭಾವದವರು, ಯಾರ ಮೇಲೂ ದೂರು ಹೇಳಿದವರಲ್ಲ, ಸಿಕ್ಕಿದ್ದರಲ್ಲಿ ತೃಪ್ತಿ ಪಟ್ಟವರು. ಐದನೆಯವರು ಮೈಕು ಹಿಡಿದು, ಅವರಿಗೆ ದೊಡ್ಡ ಆಸೆಗಳೇ ಇರಲಿಲ್ಲ ಎಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆಸೆ ಇರಲಿಲ್ಲವಂತೆ. ಒಂದು ಬಣ್ಣ ಎಷ್ಟು ಬೇಗ ಇಳಿಯುತ್ತದೆ ಎಂದು ತಿಳಿಯುವುದಕ್ಕೆ ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದ ಮನುಷ್ಯ ಅವರು. ಅವರಿಗಿದ್ದ ಆಸೆಯಲ್ಲಿ ಕಾಲುಭಾಗ ಆ ಪೆಂಡಾಲಿನಲ್ಲಿ ಕೂತಿದ್ದ ಯಾರಿಗೂ ಇರಲಿಲ್ಲ, ನನ್ನನ್ನೂ ಸೇರಿಸಿ.

ಅವರ ಹೆಸರು ನಾನು ಬರೆಯುವುದಿಲ್ಲ. ಕಾಲೇಜಿನ ಹೆಸರೂ ಬೇಡ. ಚಿಕ್ಕಬಳ್ಳಾಪುರಕ್ಕೂ ಚಿಂತಾಮಣಿಗೂ ನಡುವೆ ಎಲ್ಲೋ ಇತ್ತು ಅಂದುಕೊಳ್ಳಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಿ.ಎಸ್ಸಿ. ಮುಗಿಸಿ ಅಲ್ಲಿ ಕೆಮಿಸ್ಟ್ರಿ ವಿಭಾಗಕ್ಕೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ವಿಭಾಗ ಅಂದರೆ ಒಂದು ಉದ್ದನೆಯ ಹೆಂಚಿನ ಕೋಣೆ, ಎರಡು ಬೀರು, ಲೆಕ್ಚರರ್ ಆಗಿ ಅವರು, ಕೈಕೆಳಗೆ ನಾನು. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಬೇರೆ ಲೆಕ್ಚರರುಗಳಿಗೆಲ್ಲ 'ಸರ್', ಅವರಿಗೆ ಮಾತ್ರ 'ಮೇಷ್ಟ್ರು'. ಅದರಲ್ಲಿ ಪ್ರೀತಿ ಎಷ್ಟಿತ್ತು, ಇನ್ನೇನು ಎಷ್ಟಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ.

ಅವರು ಮೇಲೂರಿನ ಹೊರಗಿನ ಕೇರಿಯಿಂದ ಬಂದವರು. ತಾಯಿ ರೇಷ್ಮೆ ಬಿಚ್ಚುವ ಕೂಲಿಗೆ ಹೋಗುತ್ತಿದ್ದರು. ಸ್ಕೂಲಿಗೆ ಹೋಗುವ ಮೊದಲು, ಬಂದ ಮೇಲೆ, ರಾಶಿ ರೇಷ್ಮೆಗೂಡಿನಲ್ಲಿ ಕಲೆಯಾದದ್ದು, ತೆಳ್ಳಗಿರುವುದು, ಬಣ್ಣಗೆಟ್ಟದ್ದು ಆರಿಸಿ ಹಾಕುವುದು ಅವರ ಕೆಲಸವಾಗಿತ್ತಂತೆ. ಹಳದಿಯಲ್ಲಿ ಎಷ್ಟು ಹಳದಿ ಇದೆ ಅಂತ ಅವರ ಕಣ್ಣು ಕಲಿತದ್ದು ಅಲ್ಲೇ. ಲ್ಯಾಬಿನಲ್ಲಿ ಹುಡುಗರು ಬಣ್ಣ ತಿರುಗುವ ತನಕ ತೊಟ್ಟುತೊಟ್ಟು ಬಿಡುತ್ತ ಟೈಟ್ರೇಷನ್ ಮಾಡುವಾಗ ಆಚೆ ಕೊನೆಯಲ್ಲಿ ನಿಂತು, "ನಿಂದು ಎರಡು ತೊಟ್ಟು ಜಾಸ್ತಿ ಆಗೋಯ್ತಪ್ಪ," ಅನ್ನುತ್ತಿದ್ದರು. ಮತ್ತೆ ಅಳೆದು ನೋಡಿದರೆ ಸರಿಯಾಗಿ ಎರಡೇ ತೊಟ್ಟು ಜಾಸ್ತಿ ಇರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಿತ್ತಾಳೆ ಲೋಟದಲ್ಲಿ ಕಾಫಿ. ಅವರದು ಮಾತ್ರ ಗಾಜಿನ ಲೋಟ, ಕಿಟಕಿಯ ಕಟ್ಟೆ ಮೇಲೆ ಬೋರಲು ಹಾಕಿರುತ್ತಿತ್ತು. ನಾನು ಸೇರಿದ ಮೇಲೆ ಒಂದೆರಡು ವಾರ ಅವರು ಆ ಕಡೆಗೇ ಬರಲಿಲ್ಲ. ಕೇಳಿದ್ದಕ್ಕೆ ಲ್ಯಾಬಿನ ಬೀಕರು ಎತ್ತಿ ತೋರಿಸಿ, "ನನಗೆ ಇದೇ ಸಾಕು ಬಿಡೀಮ್ಮಾ. ಬೀಕರಿಗೆ ಯಾವ ಜಾತಿ. ಕಾಯಿಸಿದ್ರೆ ಎಲ್ಲಾ ಒಂದೇ," ಅಂದರು. ನಾನು ನಕ್ಕೆ. ನಮ್ಮದು ಮಡಿ ಮನೆ, ನನಗೆ ಆ ಗಾಜಿನ ಲೋಟದಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಇವತ್ತು ನೆನೆಸಿಕೊಂಡರೆ ಆ ನಗುವಿಗೇ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ಬಣ್ಣದ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಒಬ್ಬ ದೊಡ್ಡ ಪ್ರೊಫೆಸರ ಹತ್ತಿರ ಅವರು ಸಂಶೋಧನೆಗೆ ಹೆಸರು ನೋಂದಾಯಿಸಿದ್ದರು. ಕಾಲೇಜು ಬಿಡುವಂತಿಲ್ಲ, ಆದ್ದರಿಂದ ಇಲ್ಲೇ ಪ್ರಯೋಗ ಮಾಡಿ ಅಂಕಿಅಂಶ ಕಳಿಸುವುದು, ಕೊನೆಗೆ ಡಾಕ್ಟರೇಟು. ಪ್ರೊಫೆಸರು ಒಂದು ಕಂದು ಸೀಸೆಯಲ್ಲಿ ಚಿಟಿಕೆಯಷ್ಟು ಪುಡಿ ಕೊಟ್ಟಿದ್ದರು. ಡೈಫಿನೈಲ್ ಪಿಕ್ರೈಲ್ ಹೈಡ್ರಜೈಲ್. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಶಿಡ್ಲಘಟ್ಟದ ಬಸ್ಸು ಬಂದು ಹೋಗಿರುತ್ತದೆ ಅಂತ ನಾನು ರೇಗಿಸುತ್ತಿದ್ದೆ. ನೀರಿನಂಥ ಬೆಂಜೀನಿಗೆ ಒಂದು ಕಾಳಿನಷ್ಟು ಹಾಕಿದರೆ ಇಡೀ ನಳಿಕೆ ಗಾಢ ನೇರಳೆ.

"ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಇರ್ತಾವೆ ಅಲ್ವಾ," ಅಂತ ಅವರು ಮೊದಲ ದಿನ ನನಗೆ ವಿವರಿಸಿದರು. "ಇಲ್ಲಿ ನೈಟ್ರೋಜನ್ ಮೇಲೆ ಒಂದು ಒಂಟಿಯಾಗಿ ಉಳ್ಕೊಂಡಿದೆ. ಇದಕ್ಕೆ ರಾಡಿಕಲ್ ಅಂತಾರೆ. ಇಂಥವು ಕಣ್ಣು ಮುಚ್ಚಿ ಬಿಡೋಷ್ಟು ಹೊತ್ತೂ ಇರಲ್ಲ, ಸಿಕ್ಕಿದ್ದಕ್ಕೆ ಅಂಟ್ಕೊಂಬಿಡ್ತಾವೆ. ಇದು ಮಾತ್ರ ಸೀಸೇಲಿ ವರ್ಷಗಟ್ಟಲೆ ಕೂತಿರುತ್ತೆ."

"ಇದೊಂದು ಯಾಕೆ ಮೇಷ್ಟ್ರೇ ಹಂಗೆ?"

"ಸುತ್ತಲೂ ದಪ್ಪದಪ್ಪ ಗುಂಪುಗಳು ಕೂತಿದಾವಲ್ಲ. ಬೀದಿ ಬಾಗಿಲಲ್ಲಿ ಅತ್ತೆ, ಮಾವ, ಭಾವ ಎಲ್ಲಾ ಕೂತಿದ್ರೆ ಸೊಸೆ ಎಲ್ಲಿಂದ ಆಚೆಗೆ ಹೋಗ್ತಾಳೆ ಹೇಳಿ."

ಆ ನೇರಳೆ ದ್ರಾವಣಕ್ಕೆ ಥೈಮಾಲ್ ಬೆರೆಸಬೇಕು. ನಮ್ಮ ಅಡುಗೆಮನೆಯ ಓಮಕ್ಕೆ ವಾಸನೆ ಕೊಡುವ ವಸ್ತುವೇ ಅದು. ಥೈಮಾಲ್ ತನ್ನ ಒಂದು ಹೈಡ್ರೋಜನ್ನನ್ನು ಬಿಟ್ಟುಕೊಟ್ಟರೆ ಒಂಟಿ ಎಲೆಕ್ಟ್ರಾನಿಗೆ ಜೊತೆ ಸಿಗುತ್ತದೆ, ನೇರಳೆ ಬಣ್ಣ ನಿಧಾನವಾಗಿ ಇಳಿದು ಹಳದಿಯಾಗುತ್ತದೆ. ಎಷ್ಟು ಹೊತ್ತಿಗೆ ಅರ್ಧ ಇಳಿಯಿತು ಅಂತ ಗೊತ್ತಾದರೆ ಕ್ರಿಯೆಯ ವೇಗ ಗೊತ್ತಾದಂತೆ. ಇದನ್ನು ಅಳೆಯುವ ಯಂತ್ರ ಬೆಂಗಳೂರಿನಲ್ಲಿತ್ತು. ನಮ್ಮಲ್ಲಿದ್ದದ್ದು ಮೇಷ್ಟ್ರ ಕಣ್ಣು.

ಆ ಕಣ್ಣನ್ನು ಅವರು ಎಷ್ಟು ಅನುಮಾನಿಸುತ್ತಿದ್ದರು ಅಂದರೆ, ಪೊಲೀಸರು ಕಳ್ಳನನ್ನೂ ಅಷ್ಟು ಅನುಮಾನಿಸಲಿಕ್ಕಿಲ್ಲ. ಸರ್ಕಾರಿ ಆಸ್ಪತ್ರೆಯ ಕಾಂಪೌಂಡರನ ಹತ್ತಿರ ಹುಣ್ಣಿಗೆ ಹಚ್ಚುವ ನೇರಳೆ ಔಷಧಿ, ಸುಟ್ಟ ಗಾಯಕ್ಕೆ ಹಚ್ಚುವ ಹಳದಿ ಔಷಧಿ ಎರಡನ್ನೂ ಕೇಳಿ ತಂದರು. ಅವೆರಡನ್ನೂ ತೊಟ್ಟುತೊಟ್ಟು ಬೆರೆಸಿ, ಅರ್ಧ ಇಳಿದ ಬಣ್ಣ ಹೇಗಿರುತ್ತದೋ ಹಾಗೇ ಒಂದು ಮಾದರಿ ನಳಿಕೆ ಮಾಡಲು ಮೂರು ತಿಂಗಳು ತೆಗೆದುಕೊಂಡರು. ಆಮೇಲೆ ಲ್ಯಾಬಿನ ನಡುವೆ ಹಗ್ಗ ಕಟ್ಟಿ ಮನೆಯಿಂದ ತಂದ ದಪ್ಪ ದುಪ್ಪಟಿ ಇಳಿಬಿಟ್ಟರು. ಪರದೆಯ ಈ ಕಡೆ ನಾನು, ನನ್ನ ಕೈಯಲ್ಲಿ ಡ್ರಿಲ್ ಮೇಷ್ಟ್ರಿಂದ ಕೇಳಿ ತಂದ ಓಟದ ಪಂದ್ಯದ ಸ್ಟಾಪ್ ವಾಚು. ಆ ಕಡೆ ಅವರು, ಮುಂದೆ ಒಳಗೆ ಕಪ್ಪು ಬಳಿದ ಟೀ ಪುಡಿ ಪೆಟ್ಟಿಗೆ, ಅದರೊಳಗೆ ಮಾದರಿ ನಳಿಕೆ.

ನಾನು ದ್ರಾವಣ ಬೆರೆಸಿ, ಬಿರಡೆ ಹಾಕಿ, ವಾಚು ಒತ್ತಿ, ನಳಿಕೆಯನ್ನು ಪರದೆಯ ಕೆಳಗಿಂದ ದಾಟಿಸಬೇಕು. ಪುಡಿ ಕರಗಿಸುವ ದ್ರಾವಕ ಒಂದು ಸಲ ಬೆಂಜೀನ್, ಇನ್ನೊಂದು ಸಲ ಈಥೈಲ್ ಅಸಿಟೇಟ್; ಯಾವುದು ಯಾವಾಗ ಅಂತ ಚೀಟಿ ಎತ್ತಿ ತೀರ್ಮಾನಿಸುವವಳು ನಾನೇ, ಅವರಿಗೆ ಹೇಳುವಂತಿಲ್ಲ. ಎರಡು ಬಣ್ಣ ಸರಿಹೊಂದಿದ ಕೂಡಲೇ ಅವರು ಆ ಕಡೆಯಿಂದ "ಹೂಂ" ಅನ್ನುತ್ತಾರೆ. ನಾನು ಹೊತ್ತು ಬರೆದುಕೊಳ್ಳುತ್ತೇನೆ. ಪುಸ್ತಕ ನನ್ನ ಕೈಚೀಲದಲ್ಲೇ ಇರಬೇಕು. ತಿಂಗಳು ಮುಗಿಯುವ ತನಕ ಅವರು ಅದನ್ನು ಮುಟ್ಟುತ್ತಿರಲಿಲ್ಲ.

"ಬಣ್ಣ ನೋಡೋನು ಗಡಿಯಾರ ನೋಡಬಾರದು. ಗಡಿಯಾರ ನೋಡೋರು ಬಣ್ಣ ನೋಡಬಾರದು," ಅನ್ನುತ್ತಿದ್ದರು. "ನನಗೆ ಬೇಕಾದ ಉತ್ತರ ಯಾವುದು ಅಂತ ನನ್ನ ಕಣ್ಣಿಗೆ ಗೊತ್ತಾಗಿಬಿಟ್ರೆ ಅದು ಅದನ್ನೇ ತಂದು ಕೊಡುತ್ತೆ. ಪಾಪ, ಅದಕ್ಕೆ ನನ್ನ ಮೇಲೆ ಅಷ್ಟು ವಿಶ್ವಾಸ."

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ, ಬಿಸಿಲೇರಿ ಹೆಂಚು ಕಾಯುವ ಮುಂಚೆ. ಬೇಸರ ಎಷ್ಟಾಗುತ್ತಿತ್ತು ಅಂತ ಸುಳ್ಳು ಹೇಳದೆ ಹೇಳಬೇಕು. ಒಂದು ಸಲ ನಾನು ತೂಕಡಿಸಿ "ಹೂಂ" ಕೇಳಿಸಿಕೊಳ್ಳಲಿಲ್ಲ. ಅಂದಾಜಿನ ಮೇಲೆ ಒಂದು ಹೊತ್ತು ಬರೆದೆ, ಆಮೇಲೆ ಒಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆವತ್ತಿನ ಪುಟಕ್ಕೆಲ್ಲ ಅಡ್ಡಗೆರೆ ಎಳೆಸಿ, "ಸರೇ, ಮುಂದಿನ ವಾರ ಮತ್ತೆ ಮಾಡಣ," ಅಂದು ಪಾತ್ರೆ ತೊಳೆಯಲು ಕೂತರು. ನಾಲ್ಕು ಗಂಟೆಯ ಕೆಲಸ.

ಆ ದುಪ್ಪಟಿ ಬಹಳ ದಿನ ಸುಮ್ಮನಿರಲಿಲ್ಲ. ಗಂಡಸು, ಹೆಂಗಸು, ಭಾನುವಾರ, ಖಾಲಿ ಕಾಲೇಜು, ನಡುವೆ ಪರದೆ. ಪರದೆ ನಮ್ಮಿಬ್ಬರನ್ನು ಬೇರೆ ಮಾಡಲು ಕಟ್ಟಿದ್ದು ಅಂತ ಯಾರಿಗೂ ಹೊಳೆಯಲಿಲ್ಲ, ಒಟ್ಟು ಪರದೆ ಇದೆ, ಅಷ್ಟು ಸಾಕು. ಪ್ರಿನ್ಸಿಪಾಲರು ಕರೆಸಿದರು. ನಮ್ಮ ತಂದೆಗೆ ಪರಿಚಯದವರು ಅವರು. "ಬಾಗಿಲು ತೆಗೆದಿಟ್ಕೊಂಡು ಮಾಡ್ಕೊಳ್ಳಿ," ಅಂತ ಅಪ್ಪಣೆಯಾಯಿತು. ತೆಗೆದಿಟ್ಟೆವು. ಗಾಳಿ ಬಂದು, ದ್ರಾವಣಗಳನ್ನು ಒಂದೇ ಬಿಸಿಯಲ್ಲಿಡುವ ಪಾತ್ರೆಯ ನೀರಿನ ಉಷ್ಣತೆ ಏರುಪೇರಾಗಿ ಎರಡು ತಿಂಗಳ ಲೆಕ್ಕ ಹಾಳಾಯಿತು. ಮೇಷ್ಟ್ರು ಆ ಪಾತ್ರೆಗೆ ಗೋಣಿಚೀಲ ಸುತ್ತಿ ಮತ್ತೆ ಮೊದಲಿಂದ ಶುರುಮಾಡಿದರು.

ಕೊನೆಗೆ ಅಂಕಿಗಳನ್ನೆಲ್ಲ ಜೋಡಿಸಿದಾಗ ವಿಚಿತ್ರ ಕಂಡಿತು. ಬೆಂಜೀನಿನಲ್ಲಿ ಬಣ್ಣ ಪ್ರೊಫೆಸರು ಹೇಳಿದಷ್ಟೇ ಹೊತ್ತಿಗೆ ಇಳಿಯುತ್ತಿತ್ತು. ಈಥೈಲ್ ಅಸಿಟೇಟಿನಲ್ಲಿ ಎಷ್ಟೋ ಪಟ್ಟು ನಿಧಾನ. ದ್ರಾವಕ ಯಾವುದಾದರೂ ಒಂದೇ, ಅದು ಬರೀ ಪಾತ್ರೆ ಇದ್ದಂತೆ ಅನ್ನುವುದು ಪ್ರೊಫೆಸರ ಸಿದ್ಧಾಂತ. ಅವರು ಅದನ್ನು ಅಚ್ಚು ಹಾಕಿಸಿಯೂ ಆಗಿತ್ತು. ಮೇಷ್ಟ್ರು ಆವತ್ತು ಲ್ಯಾಬಿನಲ್ಲಿ ಅತ್ತಿಂದಿತ್ತ ನಡೆದಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ದ್ರಾವಕ ಸುಮ್ನೆ ಕೂತಿಲ್ಲಮ್ಮಾ. ಥೈಮಾಲಿನ ಹೈಡ್ರೋಜನ್ನ ಅದು ಕೈಯಲ್ಲಿ ಹಿಡ್ಕೊಂಡಿದೆ. ಹಿಡ್ಕೊಂಡಿರೋದನ್ನ ಬಿಡಿಸ್ಕೊಂಡು ತಗೊಬೇಕು ಅಂದ್ರೆ ಹೊತ್ತಾಗುತ್ತೆ. ಅಷ್ಟೇ ವಿಷಯ."

ಅಷ್ಟೇ ವಿಷಯ. ಅದನ್ನು ನೀಟಾಗಿ ಬರೆದು ಬೆಂಗಳೂರಿಗೆ ಕಳಿಸಿದರು. ವಾಪಸು ಬಂದದ್ದು ಮೂರು ಸಾಲು: ಅಳತೆಗಳು ತಪ್ಪು, ಮತ್ತೆ ಮಾಡಿ, ಪ್ರಕಟವಾದ ಅಂಕಿಗಳಿಗೆ ಹೊಂದುವಂತೆ ಮಾಡಿ. ಮೇಷ್ಟ್ರು ಮತ್ತೆ ಮಾಡಿದರು. ಅದೇ ಉತ್ತರ ಬಂತು. ಅದನ್ನೇ ಕಳಿಸಿದರು. ಹೊಂದಿಸಿಬಿಡಿ ಮೇಷ್ಟ್ರೇ, ಡಾಕ್ಟರೇಟು ಬರಲಿ, ಆಮೇಲೆ ಜಗಳ ಆಡೋಣ ಅಂತ ನಾನು ಬುದ್ಧಿವಾದ ಹೇಳಿದ್ದೆ. ಅವರು ನನ್ನ ಮುಖ ನೋಡಿ, "ಯಾವ ನಳಿಕೇದು ಹೊಂದಿಸಣ ಹೇಳಿ," ಅಂದರು.

ಆ ವರ್ಷ ನಮ್ಮ ಕಾಲೇಜಿಗೆ ಡಿಗ್ರಿ ತರಗತಿ ಮಂಜೂರು ಮಾಡುವುದೋ ಬೇಡವೋ ಅಂತ ನೋಡಲು ಒಂದು ಕಮಿಟಿ ಬಂತು. ಮೂರು ಜನ. ನಡುವೆ ಕೂತಿದ್ದವರು ಅದೇ ಪ್ರೊಫೆಸರು. ಅವರು ಬರುವ ಮೊದಲೇ ಪ್ರಿನ್ಸಿಪಾಲರಿಗೆ ಕಾಗದ ಬರೆದಿದ್ದರು: ನಿಮ್ಮ ಲೆಕ್ಚರರು ಕೂತಲ್ಲೇ ಅಂಕಿ ಹುಟ್ಟಿಸಿ ಕಳಿಸುತ್ತಿದ್ದಾರೆ, ಇಂಥವರಿರುವ ವಿಭಾಗಕ್ಕೆ ಡಿಗ್ರಿ ತರಗತಿ ಹೇಗೆ ಕೊಡುವುದು ಅಂತ.

ಹಿಂದಿನ ಸಂಜೆ ಪ್ರಿನ್ಸಿಪಾಲರು ನನ್ನನ್ನು ಕರೆದು ಕೂರಿಸಿದರು. ನನಗೆ ಆಗ ಗೌರಿಬಿದನೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಮಾತುಕತೆ ಮುಗಿಯುವ ಹಂತದಲ್ಲಿತ್ತು. ಅದು ಅವರಿಗೆ ಗೊತ್ತಿತ್ತು.

"ನಾಳೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಮ್ಮ," ಅಂದರು. "ಆ ಪರದೆ ವಿಷಯ ಮಾತ್ರ ಎತ್ತಬೇಡ. ಬೆಂಗಳೂರಿನೋರ ಮುಂದೆ, ಆಫೀಸಿನೋರ ಮುಂದೆ ಅದು ಚೆನ್ನಾಗಿರಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಿಮ್ಮ ತಂದೆ ಮುಖ ನಾನು ನೋಡಬೇಕಲ್ಲ."

ಮಾರನೇ ದಿನ ಮೇಷ್ಟ್ರು ಮೇಜಿನ ಪಕ್ಕ ನಿಂತಿದ್ದರು. ಅವರಿಗೆ ಕುರ್ಚಿ ಹಾಕಿರಲಿಲ್ಲ. ಪ್ರೊಫೆಸರು ಪುಸ್ತಕ ತಿರುವಿ ನನ್ನನ್ನು ಕೇಳಿದರು, ಈ ಅಕ್ಷರ ಯಾರದು. ನನ್ನದು ಅಂದೆ. ಬಣ್ಣ ಹೊಂದಿದ್ದನ್ನು ನೀನು ಕಣ್ಣಾರೆ ನೋಡಿದ್ದೀಯಾ. ಇಲ್ಲ ಸರ್ ಅಂದೆ. ಒಂದು ಸಲವಾದರೂ. ಇಲ್ಲ ಸರ್. ಹಾಗಾದರೆ ಅವರು ಹೂಂ ಅಂದಾಗ ನೀನು ಬರೆದೆ. ಹೌದು ಸರ್. ಅವರು ಯಾವಾಗ ಬೇಕಾದರೂ ಹೂಂ ಅನ್ನಬಹುದಿತ್ತು, ಅಲ್ಲವೇ.

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಅವರಿಗೆ ಗಡಿಯಾರ ಕಾಣುತ್ತಿರಲಿಲ್ಲ, ಯಾವ ನಳಿಕೆಯಲ್ಲಿ ಏನಿದೆ ಅಂತಲೂ ಗೊತ್ತಿರಲಿಲ್ಲ, ನಡುವೆ ಪರದೆ ಇತ್ತು. ಗಡಿಯಾರ ಕಾಣದ ಮನುಷ್ಯ ವಾರವಾರವೂ ಒಂದೊಂದು ದ್ರಾವಕಕ್ಕೆ ಸರಿಯಾಗಿ ಅದದೇ ಹೊತ್ತಿಗೆ ಹೂಂ ಅನ್ನಬೇಕಾದರೆ ಅವನ ಮುಂದೆ ಬಣ್ಣ ನಿಜವಾಗಿಯೂ ಇಳಿದಿರಲೇಬೇಕು. ಅದನ್ನು ಹೇಳಿದ್ದರೆ ಪ್ರೊಫೆಸರ ಬಾಯಿ ಅಲ್ಲೇ ಕಟ್ಟಿಹೋಗುತ್ತಿತ್ತು. ಹೇಳಬೇಕಾದರೆ ಪರದೆ ಅನ್ನುವ ಮಾತು ಬಾಯಲ್ಲಿ ಬರಬೇಕಿತ್ತು. ಬಾಗಿಲ ಬಳಿ ಗುಮಾಸ್ತರಿಬ್ಬರು ನಿಂತಿದ್ದರು. ನಾನು ತಲೆ ಬಗ್ಗಿಸಿ, "ನನಗೆ ಗೊತ್ತಿಲ್ಲ ಸರ್," ಅಂದೆ.

ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ. "ಪರದೆ ಇತ್ತು ಸರ್," ಅಂತ ಅವರೇ ಶುರುಮಾಡಿದರು. ಪ್ರಿನ್ಸಿಪಾಲರು ಕೈ ಎತ್ತಿ, "ಅದೆಲ್ಲ ಈಗ ಬೇಡ, ಆ ಹೆಣ್ಣುಮಗಳ ಮರ್ಯಾದೆ ಪ್ರಶ್ನೆ," ಅಂದುಬಿಟ್ಟರು. ಮೇಷ್ಟ್ರು ನನ್ನನ್ನೊಮ್ಮೆ ನೋಡಿ ಬಾಯಿ ಮುಚ್ಚಿದರು. ನನ್ನ ಮರ್ಯಾದೆಗೆ ಅಂತ ಮುಚ್ಚಿದರು. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಕಾಲೇಜಿಗೆ ಡಿಗ್ರಿ ತರಗತಿ ಬಂತು. ಜೂನಿನಲ್ಲಿ ಮೇಷ್ಟ್ರ ತಾತ್ಕಾಲಿಕ ನೇಮಕ ಮುಂದುವರಿಯಲಿಲ್ಲ. ಡಾಕ್ಟರೇಟಿನ ನೋಂದಣಿಯೂ ರದ್ದಾಯಿತು. ಹೊರಡುವ ದಿನ ಅವರು ದುಪ್ಪಟಿ ಬಿಚ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು, "ಬರ್ತೀನಮ್ಮಾ, ಆ ಪಾತ್ರೆ ತಳ ಸೋರ್ತಿದೆ, ಬೆಸುಗೆ ಹಾಕಿಸಿ," ಅಂತ ಹೇಳಿ ಹೋದರು. ಮೇಲೂರಿನ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರಾದರು. ನನ್ನ ಮದುವೆಯಾಯಿತು. ನಾನು ಎಂ.ಎಸ್ಸಿ. ಮಾಡಿಕೊಂಡು ಬಂದು ಅದೇ ಕಾಲೇಜಿನಲ್ಲಿ ಲೆಕ್ಚರರ್ ಆದೆ. ಅವರ ಖಾಲಿ ಜಾಗಕ್ಕೆ, ಬೇರೆ ಯಾವ ಜಾಗಕ್ಕೂ ಅಲ್ಲ.

ಆರೇಳು ವರ್ಷ ಕಳೆದಿರಬೇಕು. ಬೆಂಗಳೂರಿನ ಲೈಬ್ರರಿಯಲ್ಲಿ ಹೊರದೇಶದ ಒಂದು ಪತ್ರಿಕೆ ತಿರುವುತ್ತಿದ್ದೆ. ಇಂಥ ಕ್ರಿಯೆಗಳಲ್ಲಿ ದ್ರಾವಕವು ಹೈಡ್ರೋಜನ್ನನ್ನು ಹಿಡಿದಿಟ್ಟುಕೊಂಡು ವೇಗ ತಗ್ಗಿಸುತ್ತದೆ ಅಂತ ಅಲ್ಲಿ ಯಾರೋ ಬರೆದಿದ್ದರು. ಅವರಿಗೆ ಯಂತ್ರವಿತ್ತು, ಹಣವಿತ್ತು, ಅವರ ಮಾತನ್ನು ನಂಬಲು ಜನರಿದ್ದರು. ನಾನು ಆ ಪುಟಗಳನ್ನು ಕೈಯಲ್ಲೇ ನಕಲು ಮಾಡಿಕೊಂಡು ಮಾರನೇ ದಿನವೇ ಮೇಲೂರಿಗೆ ಹೋದೆ.

ಅವರು ಮನೆ ಮುಂದೆ ಕೂತು ಮೊರದಲ್ಲಿ ಗೂಡು ಆರಿಸುತ್ತಿದ್ದರು. ಕಾಗದ ಕೈಗೆ ಕೊಟ್ಟೆ. ಓದಿದರು, ಎರಡು ಸಲ ಓದಿದರು. "ಸರಿಯಾಗಿ ಮಾಡಿದಾರೆ," ಅಂದರು. ಮುಖದಲ್ಲಿ ಸಂತೋಷವೇ ಇತ್ತು. ಅದನ್ನು ಕಂಡು ನನಗೆ ಧೈರ್ಯ ಬಂತು. ಆವತ್ತು ಕಮಿಟಿ ಮುಂದೆ ನಾನು ಸುಮ್ಮನಿದ್ದದ್ದು ತಪ್ಪು, ನಿಮಗೆ ಗಡಿಯಾರ ಕಾಣುತ್ತಿರಲಿಲ್ಲ ಅಂತ ನಾನು ಹೇಳಬೇಕಿತ್ತು, ಕ್ಷಮಿಸಿ ಅಂತ ಅಳುತ್ತ ಹೇಳಿದೆ. ಇಲ್ಲಮ್ಮಾ, ಪರವಾಗಿಲ್ಲ ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ನಾನು ಹೋಗಿದ್ದೇ ಆ ಮಾತು ಇಸಿದುಕೊಳ್ಳಲು.

ಅವರು ಮೊರ ಕೆಳಗಿಟ್ಟರು. "ನನಗ್ಯಾಕೆ ಹೇಳ್ತೀರಮ್ಮಾ ಇದನ್ನ," ಅಂದರು. ಅಂಥ ದನಿ ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ನನಗೆ ಗಡಿಯಾರ ಕಾಣ್ತಿರಲಿಲ್ಲ ಅನ್ನೋದು ನನಗೆ ಗೊತ್ತಿಲ್ವಾ. ಗೊತ್ತಿಲ್ದೋರಿಗೆ ಹೇಳಬೇಕಿತ್ತು. ಅಲ್ಲಿ ಹೇಳ್ದೆ ಇಲ್ಲಿ ಬಂದು ಅತ್ರೆ ನಾನೇನು ಮಾಡ್ಲಿ. ನೀವು ಹೇಳ್ದೆ ಇದ್ದಿದ್ದಕ್ಕೆ ನಮ್ಮವ್ವ ಸಾಯೋ ತನಕ, 'ಅವರು ನಿನ್ನ ಸುಳ್ಳುಗಾರ ಅಂದ್ರಂತಲ್ಲ ಮಗ' ಅಂತಿದ್ಲು. ಹೋಗಿ. ಹೇಳೋ ಕಡೆ ಹೋಗಿ ಹೇಳಿ."

ಹೋದೆ. ಮೇಲೂರಿನಿಂದ ಸೀದಾ ಬಸ್ಸು ಹತ್ತಿ ಚಿಕ್ಕಬಳ್ಳಾಪುರದಲ್ಲಿ ಇಳಿದೆ. ಪ್ರೊಫೆಸರು ಅಷ್ಟರಲ್ಲಿ ತೀರಿಹೋಗಿದ್ದರು. ಪ್ರಿನ್ಸಿಪಾಲರು ನಿವೃತ್ತರಾಗಿ ಅಲ್ಲಿ ಮನೆ ಕಟ್ಟಿಸಿಕೊಂಡು ಗಟ್ಟಿಮುಟ್ಟಾಗಿದ್ದರು. ಮರೆವಿನ ವಯಸ್ಸೇನೂ ಅಲ್ಲ, ನನ್ನ ಗಂಡನ ಹೆಸರು, ಅವರ ಆಫೀಸು, ನಮ್ಮ ತಂದೆಯ ಮಂಡಿನೋವು ಎಲ್ಲ ನೆನಪಿಟ್ಟು ವಿಚಾರಿಸಿದರು. ಹಿತ್ತಾಳೆ ಲೋಟದಲ್ಲಿ ಕಾಫಿ ಬಂತು. ನಾನು ಮುಟ್ಟಲಿಲ್ಲ. ನಿಂತುಕೊಂಡೇ, ಉಸಿರು ಬಿಡದೆ, ಎಲ್ಲವನ್ನೂ ಹೇಳಿದೆ. ಮೇಷ್ಟ್ರಿಗೆ ಗಡಿಯಾರ ಕಾಣುತ್ತಿರಲಿಲ್ಲ ಸರ್, ನಡುವೆ ಪರದೆ ಇತ್ತು, ನಾನೇ ಸಾಕ್ಷಿ, ಬೇಕಾದರೆ ಬರೆದು ಸಹಿ ಹಾಕುತ್ತೇನೆ ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಿಜವಾಗಿಯೂ ಯೋಚಿಸಿದರು, ನಟನೆಯಲ್ಲ. ಆಮೇಲೆ ಕೇಳಿದರು:

"ಪರದೆನಾ. ಯಾವ ಪರದೆ ಅಮ್ಮಾ?"